ಮಸೂರ ಬದಲಾದರೆ ಮನೆ ಬದಲಾದೀತೆ?

ಮನುಷ್ಯರ ಛಾಯಾಚಿತ್ರ ತೆಗೆಯುವುದು ಕಷ್ಟ, ಕಟ್ಟಡದ ಚಿತ್ರ ತೆಗೆಯುವುದು ಸುಲಭ ಎಂಬ ನಂಬಿಕೆ ಬಹು ಜನರಲ್ಲಿದೆ. ಮಗು ಅಳುತ್ತದೆ, ಮದುಮಗಳು ಸರಿಯಾದ ಗಳಿಗೆಗೆ ಕಣ್ಣು ಮುಚ್ಚುತ್ತಾಳೆ, ಹಿರಿಯರು ಕ್ಯಾಮೆರಾ ಕಂಡೊಡನೆ ಮುಖ ಬಿಗಿದುಕೊಳ್ಳುತ್ತಾರೆ. ಕಟ್ಟಡವಾದರೋ ನಿಂತಲ್ಲಿಯೇ ನಿಂತಿರುತ್ತದೆ. ನಾವೂ ಬಹುಕಾಲ ಹೀಗೆಯೇ ತಿಳಿದಿದ್ದೆವು. ಆ ತಿಳಿವಳಿಕೆ ತಪ್ಪೆಂದು ಮನವರಿಕೆಯಾದದ್ದು ನಮ್ಮ ತಾಯಿಯವರು ಆಡಿದ ಒಂದು ಮಾತಿನಿಂದ.

1996ರ ಬೇಸಿಗೆಯಲ್ಲಿ, ಆಗಿನ ಬಿಜಾಪುರ ಜಿಲ್ಲೆಯ ಹಳ್ಳಿಯೊಂದರಲ್ಲಿದ್ದ ನಮ್ಮ ಹಿರಿಯರ ಮನೆಯನ್ನು ಕೆಡವುವುದೆಂದು ನಿಶ್ಚಯವಾಯಿತು. ಅಣ್ಣತಮ್ಮಂದಿರ ಪಾಲಾಗಿತ್ತು, ಮಣ್ಣಿನ ಮಾಳಿಗೆ ಮಳೆಗಾಲದಲ್ಲಿ ಸೋರುತ್ತಿತ್ತು, ದುರಸ್ತಿಯ ಹೊಣೆ ಹೊರುವವರು ಯಾರೂ ಇರಲಿಲ್ಲ. ಕೆಡವುವ ಮುನ್ನ ನೆನಪಿಗಾಗಿ ಚಿತ್ರ ತೆಗೆದಿಡೋಣವೆಂದು ಮಿತ್ರರೊಬ್ಬರ ಕ್ಯಾಮೆರಾ ಕೇಳಿ ತಂದೆವು. ಅದಕ್ಕೆ 20 ಮಿ.ಮೀ. ವಿಶಾಲಕೋನ ಮಸೂರವಿತ್ತು. ತಲೆಬಾಗಿಲಲ್ಲಿ ನಿಂತು ಕಿಂಡಿಯಲ್ಲಿ ಕಣ್ಣಿಟ್ಟರೆ ಇಡೀ ಪಡಸಾಲೆ, ಆಚೆಯ ನಡುಮನೆಯ ಬಾಗಿಲು, ಮೇಲಿನ ಜಂತಿ, ಕೆಳಗಿನ ನೆಲ ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಕಂಡವು. ನಮ್ಮ ಸಂತೋಷಕ್ಕೆ ಪಾರವಿರಲಿಲ್ಲ. 36 ಚಿತ್ರಗಳ ಒಂದು ರೋಲನ್ನು ಅಂದೇ ಮುಗಿಸಿದೆವು. ತಿಂಗಳೊಳಗೆ ಮನೆ ನೆಲಸಮವಾಯಿತು.

ಚಿತ್ರಗಳು ತೊಳೆದು ಬಂದಾಗ ತಾಯಿಯವರು ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಿದರು. ಬಹಳ ಹೊತ್ತು ಸುಮ್ಮನಿದ್ದು, "ಇದು ಯಾರ ಮನಿಯೋ ಯಪ್ಪಾ? ನಮ್ಮ ಪಡಸಾಲಿ ಇಷ್ಟು ದೊಡ್ಡದು ಎಂದಿತ್ತು?" ಎಂದರು. ಮತ್ತೊಮ್ಮೆ ಚಿತ್ರಗಳನ್ನು ತಿರುವಿ, "ಮಜ್ಜಿಗಿ ಕಡಿಯೋ ಕಂಬ ಎಲ್ಲಿ ಹೋತು?" ಎಂದು ಕೇಳಿದರು.

ಆ ಕಂಬ ಚಿತ್ರದಲ್ಲಿ ಇತ್ತು. ಆದರೆ ಹಿಂಬದಿಯಲ್ಲಿ, ಬೆಂಕಿಕಡ್ಡಿಯಷ್ಟು ತೆಳ್ಳಗೆ. ನಮ್ಮ ಅಜ್ಜಿ, ಆಮೇಲೆ ನಮ್ಮ ತಾಯಿ, ದಿನವೂ ಕಡೆಗೋಲಿನ ಹಗ್ಗ ಎಳೆದು ಎಳೆದು ಆ ತೇಗದ ಕಂಬದಲ್ಲಿ ಬೆರಳು ಹುದುಗುವಷ್ಟು ಆಳದ ಗೀರು ಬಿದ್ದಿತ್ತು. ಆ ಗೀರು 36 ಚಿತ್ರಗಳಲ್ಲಿ ಒಂದರಲ್ಲಿಯೂ ಇರಲಿಲ್ಲ.

ತಾಯಿಯವರು ಎದ್ದು ಹೋಗಿ ಟ್ರಂಕಿನಿಂದ ಹಳೆಯ ಚಿತ್ರವೊಂದನ್ನು ತಂದರು. ನಮ್ಮ ಅಕ್ಕನ ಮದುವೆಯ ದಿನ ಪೇಟೆಯ ಸ್ಟುಡಿಯೋದವರು ತೆಗೆದದ್ದು. ಎದುರು ಮನೆಯ ಗೋಡೆಗೆ ಬೆನ್ನು ಹಚ್ಚಿ ನಿಂತು, ಸಾಧಾರಣ ಮಸೂರದಲ್ಲಿ ಅವರು ತೆಗೆದ ಆ ಚಿತ್ರದಲ್ಲಿ ತಲೆಬಾಗಿಲು, ಎರಡು ಕಡೆಯ ಕಟ್ಟೆ, ಅರ್ಧ ಗೋಡೆ ಇಷ್ಟೇ ಇದ್ದವು. "ಇದು ನೋಡು ನಮ್ಮ ಮನಿ" ಎಂದರು ತಾಯಿಯವರು. ಎಲ್ಲವನ್ನೂ ಹಿಡಿದೆವೆಂದು ಬೀಗಿದ ನಮ್ಮ ಚಿತ್ರದಲ್ಲಿ ಮನೆ ಇಲ್ಲವಾಗಿ, ಅರ್ಧವನ್ನೇ ಹಿಡಿದ ಚಿತ್ರದಲ್ಲಿ ಮನೆ ಇದ್ದುದು ಹೇಗೆ? ಈ ಪ್ರಶ್ನೆಯೇ ಈ ಲೇಖನಕ್ಕೆ ಮೂಲ.

ಮಸೂರ ಮಾಡುವ ಕೆಲಸ

ಮಸೂರದ ಮೇಲೆ ಮಿಲಿಮೀಟರಿನಲ್ಲಿ ಬರೆದಿರುವ ಸಂಖ್ಯೆಯು ಅದರ ಸಂಗಮದೂರ. ಸಾಮಾನ್ಯ ಫಿಲ್ಮ್ ಕ್ಯಾಮೆರಾದ ಚೌಕಟ್ಟು 36 ಮಿ.ಮೀ. ಉದ್ದ, 24 ಮಿ.ಮೀ. ಅಗಲವಿರುತ್ತದೆ. ಆ ಚೌಕಟ್ಟಿಗೆ 50 ಮಿ.ಮೀ. ಮಸೂರವು ಮೂಲೆಯಿಂದ ಮೂಲೆಗೆ ಸುಮಾರು 47 ಡಿಗ್ರಿಗಳಷ್ಟು ನೋಟವನ್ನು ಒದಗಿಸುತ್ತದೆ. ಇದನ್ನೇ ಸಾಧಾರಣ ಮಸೂರವೆಂದು ಕರೆಯುವುದು ವಾಡಿಕೆ. 20 ಮಿ.ಮೀ. ಮಸೂರವು ಸುಮಾರು 94 ಡಿಗ್ರಿಗಳನ್ನು ಒಳಗೊಳ್ಳುತ್ತದೆ. 200 ಮಿ.ಮೀ.ನ ಟೆಲಿಫೋಟೊ ಮಸೂರಕ್ಕೆ ದಕ್ಕುವುದು ಕೇವಲ 12 ಡಿಗ್ರಿ.

ವಿಶಾಲಕೋನ ಮಸೂರವು ಕೋಣೆಯನ್ನು ಹಿಗ್ಗಿಸುತ್ತದೆ, ಟೆಲಿಫೋಟೊ ಮಸೂರವು ದೂರವನ್ನು ಕುಗ್ಗಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಈ ಮಾತಿನಲ್ಲಿ ಅರ್ಧ ಮಾತ್ರ ಸತ್ಯವಿದೆ. ಓದುಗರು ತಮ್ಮ ಮೊಬೈಲ್ ಫೋನಿನಲ್ಲಿಯೇ ಇದನ್ನು ಪರೀಕ್ಷಿಸಿ ನೋಡಬಹುದು. ಒಂದೇ ಸ್ಥಳದಲ್ಲಿ ಕದಲದೆ ನಿಂತು, ಒಂದು ಚಿತ್ರವನ್ನು ಸಾಮಾನ್ಯ ಮಸೂರದಲ್ಲಿ, ಇನ್ನೊಂದನ್ನು ದೂರದ ಮಸೂರದಲ್ಲಿ ತೆಗೆಯಿರಿ. ಮೊದಲನೆಯದರ ನಡುಭಾಗವನ್ನು ಕತ್ತರಿಸಿ ದೊಡ್ಡದು ಮಾಡಿದರೆ ಅದು ಎರಡನೆಯದರಂತೆಯೇ ಕಾಣುವುದು. ಮುಂದಿನ ಕಂಬ ಹಿಂದಿನ ಕಂಬಕ್ಕಿಂತ ಎಷ್ಟು ದಪ್ಪ, ಯಾವುದು ಯಾವುದನ್ನು ಮರೆಮಾಡಿದೆ ಎಂಬುದರಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರದು. ಆ ಸಂಬಂಧವನ್ನು ನಿರ್ಣಯಿಸುವುದು ನಾವು ನಿಂತ ಸ್ಥಳ. ಎಷ್ಟು ಭಾಗ ಚೌಕಟ್ಟಿನೊಳಗೆ ಬರಬೇಕೆಂಬುದನ್ನಷ್ಟೇ ಮಸೂರ ನಿರ್ಣಯಿಸುತ್ತದೆ.

ಹಾಗಾದರೆ ಮಸೂರದ ತಪ್ಪಿಲ್ಲವೆ? ಇದೆ. ಮಸೂರವು ಛಾಯಾಗ್ರಾಹಕನ ಕಾಲನ್ನು ನಡೆಸುತ್ತದೆ. ಎಲ್ಲವೂ ಕಾಣುತ್ತದೆಂಬ ಆಸೆಯಿಂದ ವಿಶಾಲಕೋನ ಮಸೂರ ಹಿಡಿದವನು ಹತ್ತಿರ ಹೋಗುತ್ತಾನೆ. ಸಾಧಾರಣ ಮಸೂರ ಹಿಡಿದವನು ಹಿಂದೆ ಸರಿಯುತ್ತಾನೆ. ನಾವು ತಲೆಬಾಗಿಲಲ್ಲಿ ನಿಂತಾಗ ಮೊದಲ ಕಂಬ ನಮಗೆ 3 ಅಡಿ ದೂರದಲ್ಲಿತ್ತು, ಮಜ್ಜಿಗೆಯ ಕಂಬ 24 ಅಡಿ ದೂರದಲ್ಲಿ. ಒಂದೇ ಗಾತ್ರದ ಆ ಎರಡು ಕಂಬಗಳು ಚಿತ್ರದಲ್ಲಿ ಎಂಟಕ್ಕೆ ಒಂದರಂತೆ ಮೂಡಿದವು. ಕಣ್ಣು ಈ ಅಂತರವನ್ನು ಪಡಸಾಲೆಯ ಉದ್ದವೆಂದು ಓದಿಕೊಂಡಿತು. ಸ್ಟುಡಿಯೋದವರಿಗೆ ಕಟ್ಟೆಯ ಅಂಚು 16 ಅಡಿ, ಬಾಗಿಲು 20 ಅಡಿ ದೂರವಿದ್ದವು. ಐದಕ್ಕೆ ನಾಲ್ಕರ ಲೆಕ್ಕ. ಬೀದಿಯಿಂದ ಮನೆಗೆ ಬರುವವರು ದಿನವೂ ಕಾಣುತ್ತಿದ್ದ ಅಳತೆ ಅದೇ ಆಗಿತ್ತು. ಆದ್ದರಿಂದಲೇ ನಮ್ಮ ತಾಯಿಯವರಿಗೆ ಅದರಲ್ಲಿ ತಮ್ಮ ಮನೆ ಕಂಡಿತು.

ಹಂಪೆಯ ಸಾಕ್ಷ್ಯ

ನಿಂತ ಸ್ಥಳದ ಮಹತ್ವಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಉತ್ತಮ ನಿದರ್ಶನವಿದೆ. ಛಾಯಾಗ್ರಹಣವು ಮೊದಲಿನಿಂದಲೂ ಕಟ್ಟಡಗಳ ಆಶ್ರಯದಲ್ಲಿ ಬೆಳೆದ ಕಲೆ. ಫ್ರಾನ್ಸಿನ ನಿಯೆಪ್ಸ್ ಎಂಬವರು 1826-27ರ ಸುಮಾರಿನಲ್ಲಿ ತೆಗೆದ, ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಕ್ಯಾಮೆರಾ ಚಿತ್ರದಲ್ಲಿ ಕಾಣುವುದು ಅವರ ಮನೆಯ ಮೇಲಂತಸ್ತಿನ ಕಿಟಕಿಯಿಂದ ತೋರುವ ಗೋಡೆ, ಛಾವಣಿಗಳು. ಆಗ ಒಂದು ಚಿತ್ರಕ್ಕೆ ಗಂಟೆಗಟ್ಟಲೆ ಬೆಳಕು ಬೇಕಾಗುತ್ತಿತ್ತು; ಅಷ್ಟು ಹೊತ್ತು ಅಲುಗದೆ ನಿಲ್ಲುವ ಶಕ್ತಿ ಕಟ್ಟಡಕ್ಕೆ ಮಾತ್ರ ಇತ್ತು. ಆ ಕಾಲವನ್ನು ಕಡಿಮೆ ಮಾಡುವ ಕ್ರಮಗಳು ಬಂದ ಮೇಲೆ ಕ್ಯಾಮೆರಾ ನಮ್ಮ ನಾಡಿಗೂ ಬಂದಿತು. 1854ರ ಕೊನೆಯಲ್ಲಿ ಲಿನಿಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿ ಬೇಲೂರು ಹಳೇಬೀಡುಗಳ ದೇವಾಲಯಗಳನ್ನು ಚಿತ್ರಿಸಿದರು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಸೈನ್ಯಾಧಿಕಾರಿ ಹಂಪೆಯ ಅವಶೇಷಗಳನ್ನು ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದಿಟ್ಟರು.

ಗ್ರೀನ್‌ಲಾ ಅವರ ಚಿತ್ರಗಳನ್ನು ಇಟ್ಟುಕೊಂಡು ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಹಂಪೆಯಲ್ಲಿ ಅವೇ ಸ್ಥಳಗಳಿಂದ ಮತ್ತೆ ಚಿತ್ರ ತೆಗೆದರು. ಇಂತಹ ಕೆಲಸದಲ್ಲಿ ಒಳ್ಳೆಯ ಮಸೂರವಿದ್ದರೆ ಸಾಲದು. ಹಳೆಯ ಚಿತ್ರದಲ್ಲಿ ಮುಂದಿನ ಕಂಬದ ಅಂಚು ಹಿಂದಿನ ಗೋಪುರದ ಯಾವ ಅಂತಸ್ತನ್ನು ಮುಟ್ಟಿದೆಯೋ ಹೊಸ ಚಿತ್ರದಲ್ಲಿಯೂ ಅಲ್ಲಿಯೇ ಮುಟ್ಟಬೇಕು. ಒಂದು ಹೆಜ್ಜೆ ಎಡಕ್ಕೋ ಬಲಕ್ಕೋ ಇಟ್ಟರೆ ಅದು ತಪ್ಪುತ್ತದೆ. ಯಾವ ಮಸೂರವೂ ಆ ತಪ್ಪನ್ನು ತಿದ್ದಲಾರದು. ನೂರಿಪ್ಪತ್ತೇಳು ವರ್ಷಗಳ ಹಿಂದೆ ಮುಕ್ಕಾಲಿ ನೆಟ್ಟಿದ್ದ ಜಾಗವನ್ನು ಹುಡುಕಿಯೇ ತೀರಬೇಕು.

ಈ ಶ್ರಮದಿಂದ ಆದ ಲಾಭವೇನು? ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಕಾಣದವರು ವಿರಳ. 50 ರೂಪಾಯಿ ನೋಟಿನ ಹಿಂಬದಿಯಲ್ಲಿಯೂ ಅದರ ಚಿತ್ರವಿದೆ. ಗ್ರೀನ್‌ಲಾ ಅವರ ಚಿತ್ರದಲ್ಲಿ ಆ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಇಂದು ಆ ಶಿಖರವಿಲ್ಲ. ನಾವು ಬರಿದಾದ ತಲೆಯ ರಥವನ್ನೇ ಪೂರ್ಣವೆಂದು ತಿಳಿದು ಬೆಳೆದವರು. ಒಬ್ಬ ಮನುಷ್ಯ ಸರಿಯಾದ ದೂರದಲ್ಲಿ ನಿಂತು ರಥವನ್ನು ಶಿಖರದ ತುದಿಯವರೆಗೆ ತೋರಿಸಿದ್ದರಿಂದ ಆ ರೂಪ ನಮಗೆ ಉಳಿಯಿತು.

ಗೋಳಗುಮ್ಮಟದ ಮುಂದೆ

ಎತ್ತರದ ಕಟ್ಟಡದ ಎದುರು ನಿಂತಾಗ ತೊಡಕು ಇನ್ನೂ ಹೆಚ್ಚುತ್ತದೆ. ತುದಿ ಕಾಣಲೆಂದು ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದೊಡನೆ ನೆಟ್ಟಗಿರುವ ಗೋಡೆಗಳು ಚಿತ್ರದಲ್ಲಿ ಮೇಲುಮೇಲಕ್ಕೆ ಒಂದಕ್ಕೊಂದು ಬಾಗಿ, ಕಟ್ಟಡ ಹಿಂದಕ್ಕೆ ವಾಲಿದಂತೆ ತೋರುತ್ತದೆ. ಕ್ಯಾಮೆರಾವನ್ನು ನೆಲಕ್ಕೆ ಲಂಬವಾಗಿ ಹಿಡಿದರೆ ಈ ದೋಷ ಬಾರದು. ಆದರೆ ಆಗ ಚಿತ್ರದ ಕೆಳಗಿನ ಅರ್ಧವೆಲ್ಲ ಬರಿಯ ನೆಲವಾಗುತ್ತದೆ, ಮೇಲಿನ ಅರ್ಧದಲ್ಲಿಯೇ ಇಡೀ ಕಟ್ಟಡವನ್ನು ತುಂಬಿಸಬೇಕಾಗುತ್ತದೆ.

1656ರಲ್ಲಿ ಮುಗಿದ ವಿಜಯಪುರದ ಗೋಳಗುಮ್ಮಟವನ್ನೇ ತೆಗೆದುಕೊಳ್ಳೋಣ. ಅದರ ಎತ್ತರ ಸುಮಾರು 51 ಮೀಟರ್. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಕ್ಯಾಮೆರಾವನ್ನು ಉದ್ದುದ್ದ ಹಿಡಿದು, ಮೇಲಕ್ಕೆತ್ತದೆ ತುದಿಯವರೆಗೆ ಚಿತ್ರಿಸಬೇಕಾದರೆ 50 ಮಿ.ಮೀ. ಮಸೂರದವನು ಗುಮ್ಮಟದ ಕೇಂದ್ರದಿಂದ ಸುಮಾರು 140 ಮೀಟರ್ ದೂರ ನಿಲ್ಲಬೇಕು. 24 ಮಿ.ಮೀ. ಮಸೂರದವನಿಗೆ 66 ಮೀಟರ್ ಸಾಕು. 200 ಮಿ.ಮೀ. ಮಸೂರದವನು ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕು. ಹಿಂದೆ ಸರಿಯುತ್ತ ಹೋದವನಿಗೆ, ಈಗ ವಸ್ತುಸಂಗ್ರಹಾಲಯವಾಗಿರುವ ನಗಾರಖಾನೆಯ ಕಟ್ಟಡ ಅಡ್ಡವಾಗುತ್ತದೆ. ಆದ್ದರಿಂದ ಪ್ರವಾಸಿಗಳು ಹತ್ತಿರದಲ್ಲಿಯೇ ನಿಂತು ಕ್ಯಾಮೆರಾ ಎತ್ತುತ್ತಾರೆ, ಗೋಡೆಗಳು ವಾಲುತ್ತವೆ.

ಈ ವಾಲಿಕೆಗೆ ಹಳೆಯವರು ಉಪಾಯ ಕಂಡುಕೊಂಡಿದ್ದರು. ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಕೆಗಳುಳ್ಳ ದೊಡ್ಡ ಕ್ಯಾಮೆರಾಗಳಲ್ಲಿ ಫಿಲ್ಮನ್ನು ನೆಟ್ಟಗೆ ನಿಲ್ಲಿಸಿ, ಮಸೂರವನ್ನು ಮಾತ್ರ ಮೇಲಕ್ಕೆ ಜರುಗಿಸಬಹುದಿತ್ತು. ನೆಲ ಕಡಿಮೆಯಾಗಿ ಶಿಖರ ಒಳಗೆ ಬರುತ್ತಿತ್ತು, ಗೆರೆಗಳು ನೆಟ್ಟಗೆ ಉಳಿಯುತ್ತಿದ್ದವು. ಕೈಯಲ್ಲಿ ಹಿಡಿಯುವ ಸಣ್ಣ ಕ್ಯಾಮೆರಾಗಳು ಬಂದಾಗ ಈ ಸೌಕರ್ಯ ತಪ್ಪಿಹೋಯಿತು. 1960ರ ದಶಕದ ಆರಂಭದಲ್ಲಿ ಜಪಾನಿನ ನಿಕಾನ್ ಸಂಸ್ಥೆ ಜರುಗಿಸಬಲ್ಲ 35 ಮಿ.ಮೀ. ಮಸೂರವನ್ನು ಹೊರತಂದ ಮೇಲೆ ಅದು ಮರಳಿ ದೊರೆಯಿತು. 1991ರಲ್ಲಿ ಕ್ಯಾನನ್ ಸಂಸ್ಥೆಯ 24 ಮಿ.ಮೀ. ಮಸೂರ, 2009ರಲ್ಲಿ ಅದೇ ಸಂಸ್ಥೆಯ 17 ಮಿ.ಮೀ. ಮಸೂರ ಈ ಸಾಲಿಗೆ ಸೇರಿದವು. ಇಂದು ಗಣಕಯಂತ್ರದಲ್ಲಿಯೂ ಮೊಬೈಲಿನಲ್ಲಿಯೂ ಬಾಗಿದ ಗೆರೆಗಳನ್ನು ನೆಟ್ಟಗೆ ಮಾಡಬಹುದು. ಆಗ ಚಿತ್ರದ ಅಂಚುಗಳು ಸ್ವಲ್ಪ ಕತ್ತರಿಸಿಹೋಗುತ್ತವೆ.

ಇಲ್ಲಿಯೇ ನಮಗೆ ದೊಡ್ಡ ಪಾಠವಿದೆ. 24 ಮಿ.ಮೀ. ಮಸೂರವನ್ನು 11 ಮಿ.ಮೀ. ಮೇಲಕ್ಕೆ ಜರುಗಿಸಿದರೆ, ಗೋಳಗುಮ್ಮಟದ ಶಿಖರದ ಎತ್ತರವನ್ನು ಹಿಡಿಯಲು 66 ಮೀಟರಿನ ಬದಲು ಸುಮಾರು 41 ಮೀಟರ್ ಸಾಕೆಂದು ಲೆಕ್ಕ ಹೇಳುತ್ತದೆ. ಆದರೆ ಆ ಕಟ್ಟಡದ ಒಂದೊಂದು ಪಕ್ಕ 47 ಮೀಟರಿಗೂ ಹೆಚ್ಚು ಉದ್ದವಿದೆ. ಕೇಂದ್ರದಿಂದ 41 ಮೀಟರ್ ಎಂದರೆ ಗೋಡೆಯಿಂದ ಕೇವಲ 17 ಮೀಟರ್. ಅಷ್ಟು ಹತ್ತಿರ ಹೋದವನಿಗೆ ಗೋಡೆಯ ಮೇಲಂಚಿನ ಹಿಂದೆ ಗುಮ್ಮಟವೇ ಮರೆಯಾಗುತ್ತದೆ! ಗೆರೆಗಳು ನೆಟ್ಟಗಿರುತ್ತವೆ, ಗೋಳಗುಮ್ಮಟದಲ್ಲಿ ಗುಮ್ಮಟವಿರುವುದಿಲ್ಲ. ಹಿಂದಕ್ಕೆ ನಡೆದಷ್ಟೂ ಅದು ಗೋಡೆಯ ಹಿಂದಿನಿಂದ ಮೇಲೇಳುತ್ತದೆ. ಊರಿನ ಆಚೆಯ ಅಂಚಿನಲ್ಲಿ ನಿಂತು ಟೆಲಿಫೋಟೊ ಮಸೂರದಲ್ಲಿ ನೋಡಿದರೆ ಮನೆಗಳ ಮಾಳಿಗೆಗಳ ಮೇಲೆ ತನ್ನ ಪೂರ್ಣ ಭಾರದಿಂದ ಕುಳಿತಿರುತ್ತದೆ. ಮಸೂರದಿಂದ ರೇಖೆಯನ್ನು ತಿದ್ದಬಹುದು. ನಿಂತ ಸ್ಥಳವನ್ನು ತಿದ್ದಲು ನಡೆಯಲೇಬೇಕು.

ಎಲ್ಲವನ್ನೂ ಹಿಡಿಯುವ ಆಸೆ

ಎಲ್ಲವೂ ಒಂದೇ ಚಿತ್ರದಲ್ಲಿ ಬರಬೇಕೆಂಬ ಆಸೆ ಇಂದಿನದಲ್ಲ. 1900ರಲ್ಲಿ ಜರ್ಮನಿಯ ಗೋರ್ಟ್ಸ್ ಸಂಸ್ಥೆ ಹೈಪರ್ಗಾನ್ ಎಂಬ ಮಸೂರವನ್ನು ತಯಾರಿಸಿತು. ಅದರ ನೋಟ ಸುಮಾರು 135 ಡಿಗ್ರಿ. ಆದರೆ ಚಿತ್ರದ ನಡುಭಾಗಕ್ಕೆ ಬೆಳಕು ಹೆಚ್ಚಾಗಿ ಅಂಚುಗಳು ಕಪ್ಪಾಗುತ್ತಿದ್ದವು. ಅದಕ್ಕಾಗಿ ಮಸೂರದ ಮುಂದೆ ನಕ್ಷತ್ರಾಕಾರದ ಪುಟ್ಟ ಚಕ್ರವನ್ನಿಟ್ಟು, ರಬ್ಬರ್ ನಳಿಕೆಯಿಂದ ಗಾಳಿಯೂದಿ ತಿರುಗಿಸಿ, ನಡುವಿನ ಬೆಳಕನ್ನು ತಡೆಯುತ್ತಿದ್ದರು. ಎಲ್ಲವನ್ನೂ ಹಿಡಿಯಹೊರಟವರು ಪಟ್ಟ ಪಾಡು ಇದು.

ಬೇರೆ ದಾರಿ ಹಿಡಿದವರೂ ಇದ್ದಾರೆ. ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಚರ್ ದಂಪತಿಗಳು 1959ರಿಂದ ಹಲವು ದಶಕಗಳ ಕಾಲ ನೀರಿನ ಗೋಪುರ, ಗಣಿಯ ಕಟ್ಟಡ, ಕಬ್ಬಿಣದ ಕುಲುಮೆಗಳನ್ನು ಚಿತ್ರಿಸಿದರು. ಮೋಡ ಕವಿದ ದಿನವನ್ನೇ ಆರಿಸಿ, ಸಾಧ್ಯವಾದಲ್ಲೆಲ್ಲ ಕಟ್ಟಡದ ನಡು ಎತ್ತರಕ್ಕೆ ಏರಿ, ದೂರದಿಂದ ನೇರವಾಗಿ ನೋಡಿದರು. ಅವರ ಚಿತ್ರಗಳಲ್ಲಿ ಯಾವ ಗೋಪುರವೂ ಬೀಗುವುದಿಲ್ಲ, ಯಾವುದೂ ಕುಗ್ಗುವುದಿಲ್ಲ. ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ಅಳೆಯಬಹುದು. ಆ ಕಟ್ಟಡಗಳಲ್ಲಿ ಅನೇಕವು ಆಮೇಲೆ ನೆಲಸಮವಾದವು. ಇಂಗ್ಲೆಂಡಿನ ಫ್ರೆಡರಿಕ್ ಇವಾನ್ಸ್ ಅವರದು ಮತ್ತೊಂದು ಮಾರ್ಗ. 1903ರಲ್ಲಿ ವೆಲ್ಸ್ ನಗರದ ದೊಡ್ಡ ಚರ್ಚಿಗೆ ಹೋದ ಅವರು ತೆಗೆದ ಚಿತ್ರಗಳಲ್ಲಿ ಲೋಕಪ್ರಸಿದ್ಧವಾದದ್ದು ಒಂದು ಮೆಟ್ಟಿಲ ಸಾಲು ಮಾತ್ರ. ಶತಮಾನಗಳ ಕಾಲ ಜನ ತುಳಿದು ಅಲೆಗಳಂತೆ ಸವೆದ ಮೆಟ್ಟಿಲುಗಳು. ಆ ಚಿತ್ರವನ್ನು ಕಂಡಾಗಲೆಲ್ಲ ನಮಗೆ ನೆನಪಾಗುವುದು ಹಗ್ಗ ಸವೆಸಿದ ನಮ್ಮ ಮನೆಯ ಕಂಬ.

ನಮ್ಮ ಕೈಯಲ್ಲಿರುವ ಮಸೂರ

ಇಂದು ಮಸೂರದ ಆಯ್ಕೆ ಪ್ರತಿಯೊಂದು ಕುಟುಂಬಕ್ಕೂ ಸಂಬಂಧಿಸಿದ ವಿಷಯವಾಗಿದೆ. ನಮ್ಮ ಜೇಬಿನ ಮೊಬೈಲುಗಳ ಮುಖ್ಯ ಮಸೂರವು ಹಳೆಯ ಲೆಕ್ಕದಲ್ಲಿ ಸಾಮಾನ್ಯವಾಗಿ 24ರಿಂದ 28 ಮಿ.ಮೀ.ಗೆ ಸಮ, ಅನೇಕ ಮೊಬೈಲುಗಳಲ್ಲಿ ಸುಮಾರು 13 ಮಿ.ಮೀ.ಗೆ ಸಮನಾದ ಇನ್ನೊಂದು ಮಸೂರವೂ ಇರುತ್ತದೆ. ಅಂದರೆ ನಾವೆಲ್ಲರೂ ಅರಿವಿಲ್ಲದೆಯೇ ವಿಶಾಲಕೋನದ ಛಾಯಾಗ್ರಾಹಕರಾಗಿದ್ದೇವೆ.

ಮಾರಾಟಕ್ಕಿರುವ ಮನೆಯ ಅಥವಾ ಮದುವೆಯ ಕಲ್ಯಾಣಮಂಟಪದ ಚಿತ್ರಗಳನ್ನು ನೋಡಿ ಮುಂಗಡ ಕೊಡುವವರು ಸ್ವಲ್ಪ ತಾಳುವುದು ಒಳಿತು. ಕೋಣೆಯ ಮೂಲೆಯಲ್ಲಿ ನಿಂತು ವಿಶಾಲಕೋನದಲ್ಲಿ ತೆಗೆದ ಚಿತ್ರದಲ್ಲಿ ಹತ್ತು ಅಡಿಯ ಕೋಣೆಯೂ ಸಭಾಂಗಣದಂತೆ ತೋರಬಲ್ಲದು. ಚಿತ್ರದ ಅಂಚಿನಲ್ಲಿರುವ ದುಂಡನೆಯ ಕೊಡ ಮೊಟ್ಟೆಯಂತೆ ಎಳೆದುಕೊಂಡಿದ್ದರೆ, ಅಂಚಿನಲ್ಲಿ ನಿಂತವರು ಅಡ್ಡಡ್ಡ ದಪ್ಪಗಿದ್ದರೆ, ಅದೇ ಗುರುತು. ಉದ್ದಗಲಗಳನ್ನು ಅಡಿಗಳಲ್ಲಿ ಕೇಳಿ ತಿಳಿಯುವುದೇ ಕ್ಷೇಮ.

ಊರಿನ ಹಳೆಯ ಮನೆಯನ್ನು ಕೆಡವಲು ಹೊರಟವರಿಗೆ ನಮ್ಮ ವಿನಂತಿ ಬೇರೆ. ವಿಶಾಲಕೋನದಲ್ಲಿ ನಾಲ್ಕು ಚಿತ್ರ ತೆಗೆಯಿರಿ. ಯಾವುದರ ಪಕ್ಕ ಯಾವುದಿತ್ತೆಂದು ಮುಂದಿನವರಿಗೆ ಅವು ತಿಳಿಸುತ್ತವೆ. ಅದಾದ ಮೇಲೆ ಮೊಬೈಲಿನಲ್ಲಿ ಎರಡು ಪಟ್ಟಿನ ಗುರುತು ಒತ್ತಿ. ಅದು ಹೆಚ್ಚುಕಡಿಮೆ ಸಾಧಾರಣ ಮಸೂರದ ನೋಟ. ಬೀದಿಯ ಆಚೆ ನಿಂತು ಮನೆಯ ಮುಖವನ್ನು ತೆಗೆಯಿರಿ. ಒಳಗೆ ಹಿಂದೆ ಸರಿಯಲು ಸ್ಥಳವಿಲ್ಲದಿದ್ದರೆ ಇಡೀ ಕೋಣೆಯ ಆಸೆ ಬಿಟ್ಟು ಒಂದೊಂದು ಅಂಕಣವನ್ನೇ ತೆಗೆಯಿರಿ. ಕ್ಯಾಮೆರಾವನ್ನು ಓರೆ ಮಾಡದೆ ಎದೆಯ ಎತ್ತರದಲ್ಲಿ ನೆಟ್ಟಗೆ ಹಿಡಿಯಿರಿ. ಅಳತೆ ತಿಳಿಯಲು ಮನೆಯವರೊಬ್ಬರನ್ನು ಬಾಗಿಲಲ್ಲಿ ನಿಲ್ಲಿಸಿರಿ. ಬೋದಿಗೆ, ಮಾಡು, ಬೆಳಕಿಂಡಿ, ಬೀಸುವ ಕಲ್ಲಿನ ಜಾಗ, ಮಕ್ಕಳ ಎತ್ತರ ಗುರುತು ಹಾಕಿದ ಗೋಡೆ, ಇವಕ್ಕೆಲ್ಲ ಒಂದೊಂದು ಚಿತ್ರ ಸಲ್ಲಲಿ. ಈಗ ರೋಲಿನ 36ರ ಮಿತಿಯೂ ಇಲ್ಲ.

ನಮ್ಮ ತಾಯಿಯವರು ಈಗಿಲ್ಲ. ಆ ಕಂಬವು ಹಳೆಯ ಮರದ ವ್ಯಾಪಾರಿಗೆ ಹೋಯಿತು. ಅಲ್ಲಿಂದ ಎಲ್ಲಿಗೆ ಹೋಯಿತೋ ತಿಳಿಯದು. ಕೆಲವು ವರ್ಷಗಳ ಹಿಂದೆ ಹಳೆಯ ನೆಗೆಟಿವನ್ನು ಹುಡುಕಿ, ಕಂಬವಿರುವ ಭಾಗವನ್ನು ಸಾಧ್ಯವಾದಷ್ಟು ದೊಡ್ಡದು ಮಾಡಿಸಿ ನೋಡಿದೆವು. ಕಪ್ಪುಬಿಳುಪಿನ ಮರಳಕಣಗಳು ಕಂಡವು, ಗೀರು ಕಾಣಲಿಲ್ಲ. ಅಂದು ತಲೆಬಾಗಿಲಿನಿಂದ 20 ಅಡಿ ಒಳಗೆ ನಡೆದು, ಆ ಕಂಬದ ಮುಂದೆ ನಿಂತು, ಒಂದೇ ಒಂದು ಚಿತ್ರ ತೆಗೆದಿದ್ದರೆ ಸಾಕಿತ್ತು.

ನಿಮ್ಮ ಮನೆ ಇನ್ನೂ ನಿಂತಿದ್ದರೆ ನಿಮಗೆ ಅವಕಾಶವಿದೆ. ಕ್ಯಾಮೆರಾ ತೆಗೆಯುವ ಮೊದಲು ಮನೆಯ ಹಿರಿಯರನ್ನು ಕರೆದು, ಎಲ್ಲಿ ನಿಲ್ಲಬೇಕೆಂದು ಅವರನ್ನೇ ಕೇಳಿರಿ.